ಕೂಗಲು ಬಾರದವಳ ನಾಲ್ಕು ಮಗ್ಗ

ಆಪರೇಶನ್ ಆದದ್ದು ಶೇವಂತಿಯ ಗಂಟಲಿಗೆ. ಬನಹಟ್ಟಿಯ ಜನ ಚೀರಿದ್ದು ಅವಳ ಕಿವಿಗೆ.

ಆಸ್ಪತ್ರೆಯಿಂದ ಮನೆಗೆ ಬಂದ ದಿನವೇ ಶುರುವಾಯಿತು. ಅವಳ ಗಂಡ ಶಿವಾಜಿ ಮುಧೋಳದ ಕಾರ್ಖಾನೆಗೆ ಕಬ್ಬಿನ ಟ್ರ್ಯಾಕ್ಟರ್ ಓಡಿಸುವವನು. ಅವನ ಗಂಟಲು ಮೊದಲೇ ದೊಡ್ಡದು. ಎರಡು ಮಾರು ದೂರದಲ್ಲಿ ಕೂತವಳಿಗೆ, "ಚಾ ಕುಡೀತೀಯೇನ?" ಎಂದು ಓಣಿಗೆಲ್ಲ ಕೇಳುವಂತೆ ಕೂಗಿದ. ಅವಳು ಸಿಟ್ಟಿನಿಂದ ತನ್ನ ಎರಡೂ ಕಿವಿ ಹಿಡಿದು ತೋರಿಸಿ, ತುಟಿ ಅಲ್ಲಾಡಿಸಿದಳು: "ನನಗ ಕಿವಿ ಅದಾವು." ಶಿವಾಜಿಗೆ ತುಟಿ ನೋಡಿ ತಿಳಿಯುವ ರೂಢಿ ಇರಲಿಲ್ಲ. "ಕಿವೀನೂ ನೋಯಾಕತ್ತಾವೇನ?" ಎಂದು ಇನ್ನಷ್ಟು ಜೋರಾಗಿ ಕೇಳಿದ.

ರೇಷನ್ ಅಂಗಡಿಯವನು ಅವಳ ಮುಖ ನೋಡುವುದನ್ನೇ ಬಿಟ್ಟ. ಅವಳನ್ನು ಎದುರಿಗೆ ನಿಲ್ಲಿಸಿಕೊಂಡು ಶಿವಾಜಿಯನ್ನು ಕೇಳಿದ: "ಹೆಬ್ಬೆರಳು ಎಲ್ಲಿ ಇಡಬೇಕಂತ ಇವ್ರಿಗೆ ತಿಳೀತೈತಿಲ್ರಿ?" ಎಂಟು ವರ್ಷದಿಂದ ಪ್ರತಿ ತಿಂಗಳೂ ಅದೇ ಯಂತ್ರದ ಮೇಲೆ ಹೆಬ್ಬೆರಳು ಇಟ್ಟವಳು ಅವಳು. ಬೀಳಗಿಗೆ ಕೊಟ್ಟ ಮಗಳು ಫೋನಿನಲ್ಲಿ ಮುಖ ನೋಡುತ್ತಾ ಅಳುತ್ತಿದ್ದಳೇ ಹೊರತು, ತಾಯಿ ಏನು ಹೇಳುತ್ತಿದ್ದಾಳೆ ಎಂದು ನೋಡುತ್ತಿರಲಿಲ್ಲ.

ಆಸ್ಪತ್ರೆಯ ಬಿಡುಗಡೆ ಕಾಗದದಲ್ಲಿ "ಮಾತು ಬಾರದು" ಎಂದು ಬರೆದಿತ್ತು. ಆ ಎರಡು ಪದ ಬರೆದವರ ಮೇಲೆ ನನಗೆ ಇಂದಿಗೂ ಸಿಟ್ಟಿದೆ. ಅದು ಅವಸರದ ಬರಹ ಮಾತ್ರವಲ್ಲ, ತಪ್ಪು ಬರಹ. ಅವಳು ಕಳೆದುಕೊಂಡದ್ದು ದನಿ. ದನಿ ಬೇರೆ, ಮಾತು ಬೇರೆ. ಇಷ್ಟು ವ್ಯತ್ಯಾಸ ತಿಳಿಯದ್ದರಿಂದ ಒಬ್ಬ ಹೆಂಗಸಿನ ನಾಲ್ಕು ಮಗ್ಗ ಹೋದವು. ಜಮಖಂಡಿಯ ಒಂದು ಆಸ್ಪತ್ರೆಯಲ್ಲಿ ವಾರಕ್ಕೆ ಎರಡು ದಿನ ಕಿವಿ ಮತ್ತು ಮಾತಿನ ತಪಾಸಣೆ ಮಾಡುವುದು ನನ್ನ ಕೆಲಸ. ಶೇವಂತಿ ಅಲ್ಲಿಗೆ ಬಂದಳು. ಇದನ್ನು ಬರೆಯುವಾಗ ಹೆಸರು ಬದಲಿಸಬೇಕೇ ಎಂದು ಕೇಳಿದಾಗ, "ಯಾಕ? ನಾ ಏನ ಕಳವು ಮಾಡೀನಿ?" ಎಂದಳು.

ಅವಳ ತವರು ಹುನ್ನೂರ. ಹದಿನೆಂಟಕ್ಕೆ ಮದುವೆಯಾಗಿ ಬನಹಟ್ಟಿಗೆ ಬಂದಳು, ಈಗ ನಲವತ್ತಾರು. ಅತ್ತೆ ಅವಳನ್ನು ತಾನು ದುಡಿಯುತ್ತಿದ್ದ ಗಿರಿಮಲ್ಲಪ್ಪ ಸಾವುಕಾರರ ವಿದ್ಯುತ್ ಮಗ್ಗದ ಶೆಡ್ಡಿಗೆ ಕರೆದೊಯ್ದಳು. ಅಲ್ಲಿ ಮೂವತ್ತಾರು ಮಗ್ಗ, ಒಂಬತ್ತು ಜನ, ಒಬ್ಬೊಬ್ಬರಿಗೆ ನಾಲ್ಕು. ಅತ್ತೆ ಮೊದಲು ಕಲಿಸಿದ್ದು ಹರಿದ ಎಳೆ ಕಟ್ಟುವುದನ್ನಲ್ಲ, ತಲೆ ಎತ್ತುವುದನ್ನು. ಲಾಳಿಯೊಳಗೆ ಕೂರುವ ನೂಲಿನ ಕಂಡಿಕೆ ಮುಗಿದಾಗ ಮಗ್ಗ ನಿಲ್ಲಿಸಿ ಬೇರೆ ಕಂಡಿಕೆ ಹಾಕಬೇಕು. ಹಾಕಿದ ಮೇಲೆ, ಮಗ್ಗ ಮತ್ತೆ ಶುರು ಮಾಡುವ ಮುಂಚೆ, ಒಮ್ಮೆ ತಲೆ ಎತ್ತಿ ಎಲ್ಲರ ಮುಖ ನೋಡಬೇಕು. ಯಾರಾದರೂ ಏನಾದರೂ ಹೇಳುತ್ತಿದ್ದಾರೆಯೇ? ಇಲ್ಲದಿದ್ದರೆ ಮುಂದೆ. ಕೈ ಎಷ್ಟು ಚುರುಕಾದರೂ ಈ ರೂಢಿ ಮೈಗೆ ಹತ್ತದವರನ್ನು ಆ ಶೆಡ್ಡಿನಲ್ಲಿ ನೇಕಾರರೆಂದು ಯಾರೂ ಎಣಿಸುತ್ತಿರಲಿಲ್ಲ.

ಏಕೆಂದರೆ ಅಲ್ಲಿ ದನಿಗೆ ಬೆಲೆ ಇಲ್ಲ. ಮಗ್ಗಗಳು ಓಡುತ್ತಿರುವಾಗ ನಾನು ಅಳೆದ ಸದ್ದು ತೊಂಬತ್ತೆಂಟು ಡೆಸಿಬಲ್. ಆ ಸದ್ದಿನಲ್ಲಿ ಜನ ಬರೀ ಬಾಯಿಯ ಆಕಾರದಿಂದ, ಸ್ವಲ್ಪ ಕೈ ಮತ್ತು ಹುಬ್ಬಿನ ಸಹಾಯದಿಂದ, ಇಡೀ ದಿನ ಮಾತನಾಡುತ್ತಾರೆ. ಸಾಲದ ಮಾತು, ಸೊಸೆಯ ಮಾತು, ಧಾರಾವಾಹಿಯ ಕತೆ, ಬೈಗುಳ, ಎಲ್ಲವೂ. ಇಪ್ಪತ್ತೆಂಟು ವರ್ಷ ಶೇವಂತಿ ಹಾಗೆ ಮಾತನಾಡಿದ್ದಳು, ಮತ್ತು ಎಲ್ಲರಿಗಿಂತ ಹೆಚ್ಚು ಮಾತನಾಡಿದ್ದಳು.

ಕಳೆದ ವರ್ಷ ಅವಳ ಗಂಟಲಲ್ಲಿ ಗಡ್ಡೆ ಕಂಡಿತು. ಧ್ವನಿಪೆಟ್ಟಿಗೆಯನ್ನು ಪೂರ್ತಿ ತೆಗೆಯಬೇಕಾಯಿತು. ಶ್ವಾಸನಾಳದ ಮೇಲ್ತುದಿಯನ್ನು ಕುತ್ತಿಗೆಯ ಬುಡದಲ್ಲಿ ಒಂದು ಸಣ್ಣ ರಂಧ್ರಕ್ಕೆ ಹೊಲಿದರು. ಅವಳು ಈಗ ಅಲ್ಲಿಂದಲೇ ಉಸಿರಾಡುತ್ತಾಳೆ. ಮೂರು ತಿಂಗಳು ಮನೆಯಲ್ಲಿ ಕೂತು, ಎಲ್ಲರ ಚೀರಾಟ ಕೇಳಿ, ನಾಲ್ಕನೆಯ ತಿಂಗಳು ಅವಳು ಶೆಡ್ಡಿಗೆ ಮರಳಿದಳು.

ಶೆಡ್ಡಿನಲ್ಲಿ ಏನೂ ಬದಲಾಗಿರಲಿಲ್ಲ. ಹನ್ನೊಂದು ದಿನ ಅವಳು ತನ್ನ ನಾಲ್ಕು ಮಗ್ಗ ಓಡಿಸಿದಳು, ಮೊದಲಿನಂತೆ ಹರಟಿದಳು, ಪಕ್ಕದ ಸಾಲಿನ ಲಗಮಪ್ಪನ ಹೊಸ ಮೀಸೆಯನ್ನು ಆಡಿಕೊಂಡು ನಗಿಸಿದಳು. ಸಾವುಕಾರರ ಕೋಣೆಗೂ ಶೆಡ್ಡಿಗೂ ನಡುವೆ ಒಂದು ಗಾಜಿನ ಕಿಟಕಿ ಇದೆ. ಅವರು ಅದರಿಂದ ದಿನವೂ ನೋಡಿದರು: ಶೇವಂತಿಯ ಬಾಯಿ ಆಡುತ್ತಿದೆ, ಮಂದಿ ನಗುತ್ತಿದ್ದಾರೆ. ದನಿ ತಿರುಗಿ ಬಂದಿದೆ ಎಂದೇ ತಿಳಿದರು. ಹನ್ನೆರಡನೆಯ ದಿನ ಚಹಾದ ಹೊತ್ತಿಗೆ, ಮಗ್ಗ ನಿಂತಾಗ, ಅಂಗಳದಲ್ಲಿ ಅವಳನ್ನು ಮಾತನಾಡಿಸಿದರು. ಅವಳು ಉತ್ತರಿಸಿದಳು. ಸದ್ದು ಬರಲಿಲ್ಲ.

"ಏನ್ ಬೇ, ನಿನಗ ದನೀನ ಇಲ್ಲಲ್ಲ!" ಎಂದರು ಸಾವುಕಾರರು, ಯಾರೋ ತಮಗೆ ಮೋಸ ಮಾಡಿದಂತೆ.

ಮರುದಿನದಿಂದ ಬರಬೇಡ ಎಂದರು. ಕಾರಣವನ್ನೂ ಹೇಳಿದರು: "ಮಗ್ಗದ ಕೆಲಸ ಇದು. ನಾಳೆ ಯಾರದರೆ ಸೆರಗು ಸಿಕ್ಕಿತಂದ್ರ, ಲಾಳಿ ಹಾರಿತಂದ್ರ, ನೀ ಹೆಂಗ ಕೂಗ್ತಿ? ನಿನ್ನ ಸಲುವಾಗಿ ಹೇಳಾಕತ್ತೇನಿ. ಬೇಕಾದ್ರ ಕಂಡಿಕೆ ಸುತ್ತೋ ಕೋಣ್ಯಾಗ ಕುಂದ್ರು." ಕಂಡಿಕೆ ಸುತ್ತುವವರ ಕೂಲಿ ಮಗ್ಗದವರ ಕೂಲಿಯ ಅರ್ಧಕ್ಕಿಂತ ಕಡಿಮೆ. ಅವಳ ನಾಲ್ಕು ಮಗ್ಗಗಳನ್ನು ಲಗಮಪ್ಪನಿಗೇ ಹೆಚ್ಚುವರಿಯಾಗಿ ಕೊಟ್ಟರು. ಸುರಕ್ಷತೆಯ ಹೆಸರಿನಲ್ಲಿ ಒಬ್ಬಳನ್ನು ತೆಗೆದು, ಒಬ್ಬನೇ ಮನುಷ್ಯ ಎಂಟು ಮಗ್ಗಗಳ ನಡುವೆ ಓಡುವಂತೆ ಮಾಡಿದರು.

ಶೇವಂತಿ ಅಂಗಳದಲ್ಲಿ ನಿಂತು ಏನು ಹೇಳಿದಳೆಂದು ಇಂದ್ರವ್ವ ನನಗೆ ಆಮೇಲೆ ಹೇಳಿದಳು. ಇಂದ್ರವ್ವ ಆ ಶೆಡ್ಡಿನ ಹಿರಿಯಳು, ಅರವತ್ತರ ಹತ್ತಿರದವಳು. "ಈ ಶೆಡ್ಡಿನಾಗ ಯಾವತ್ತರೆ ಯಾರು ಕೂಗ್ಯಾರ, ಯಾರು ಕೇಳ್ಯಾರ, ಅಂತ ಕೇಳಿದ್ಳ್ರಿ. ಅದಕ್ಕ ಮುಂದ ಹೇಳಿದ್ದು ನಿಮ್ಮ ಮುಂದ ಹೇಳೂವಂಥಾದ್ದಲ್ಲ." ಸಾವುಕಾರರಿಗೆ ಅದು ಯಾವುದೂ ತಿಳಿಯಲಿಲ್ಲ. ಅವರು ಕೈ ಮುಗಿದು ಒಳಗೆ ಹೋದರು.

ಹೀಗೆ ಮಗ್ಗ ಹೋದ ಮೇಲೆ ಶೇವಂತಿ ಮತ್ತು ಇಂದ್ರವ್ವ ಬಸ್ಸು ಹತ್ತಿ ಜಮಖಂಡಿಗೆ ಬಂದರು. ಶೇವಂತಿಗೆ ಬೇಕಾಗಿದ್ದದ್ದು ಒಂದೇ: ನಾಲ್ಕು ಮಗ್ಗ ವಾಪಸ್ಸು. ಅದಕ್ಕೆ ದನಿ ಬೇಕೆಂದರೆ ದನಿ ಕೊಡಿ ಎಂದು ಕೇಳಲು ಬಂದಿದ್ದಳು. ಅವಳು ತುಟಿಯಲ್ಲಿ ಹೇಳಿದ್ದನ್ನು ಇಂದ್ರವ್ವ ನನಗೆ ಒಂದಕ್ಷರ ಬಿಡದೆ ದನಿಯಲ್ಲಿ ಹೇಳುತ್ತಿದ್ದಳು. ಹನ್ನೆರಡು ವರ್ಷ ಈ ಕೆಲಸ ಮಾಡಿದ ನನಗೇ ಹತ್ತರಲ್ಲಿ ನಾಲ್ಕು ಮಾತು ಹಿಡಿಯುವುದೂ ಕಷ್ಟವಾಗಿತ್ತು.

ನಾನು ಅವಳಿಗೆ ವಿವರಿಸಿದೆ. ಮಾತು ಆಗಲು ಮೂರು ಬೇಕು. ಎದೆಯಿಂದ ಬರುವ ಗಾಳಿ. ಆ ಗಾಳಿಗೆ ಗಂಟಲಲ್ಲಿ ಅದುರುವ ಎರಡು ಸಣ್ಣ ಮಡಿಕೆಗಳು. ಆ ಅದುರುವಿಕೆಗೆ ಆಕಾರ ಕೊಡುವ ಬಾಯಿ. "ಕೈ ಕುತ್ತಿಗೆಯ ಮೇಲಿಟ್ಟು 'ಸ್ಸ್' ಅನ್ನಿ," ಎಂದು ಇಂದ್ರವ್ವನಿಗೆ ಹೇಳಿದೆ. "ಈಗ ಜೇನುಹುಳದ ಹಾಗೆ 'ಝ್ಝ್' ಅನ್ನಿ." ಇಂದ್ರವ್ವ ಅಂದಳು; ಕೈಗೆ ಅದುರುವುದು ತಿಳಿದು ನಕ್ಕಳು. ಎರಡಕ್ಕೂ ನಾಲಿಗೆ ಹೆಚ್ಚುಕಡಿಮೆ ಒಂದೇ ಕಡೆ ಇರುತ್ತದೆ. ಎದ್ದು ಕಾಣುವ ವ್ಯತ್ಯಾಸ ಗಂಟಲಿನದು. ಶೇವಂತಿಗೆ ಹೋದದ್ದು ಆ ಅದುರುವಿಕೆ. ಎದೆಯ ಗಾಳಿಯೂ ಈಗ ಬಾಯಿಗೆ ಬಾರದೆ ಕುತ್ತಿಗೆಯಿಂದಲೇ ಹೊರಗೆ ಹೋಗುತ್ತದೆ. ಆದರೆ ಬಾಯಿ ಇದೆ. ನಾಲಿಗೆ ಇದೆ. ಶಾಲೆಯಲ್ಲಿ ಮಕ್ಕಳು ಹೇಳುವ ಕ, ಚ, ಟ, ತ, ಪ ಅನ್ನುವ ಸಾಲು ಸುಮ್ಮನೆ ಜೋಡಿಸಿದ್ದಲ್ಲ. ನಾಲಿಗೆಯ ಹಿಂಭಾಗದಿಂದ ಶುರುವಾಗಿ ತುಟಿಯವರೆಗೆ, ಬಾಯಿಯೊಳಗೆ ಒಂದೊಂದೇ ಹೆಜ್ಜೆ ಮುಂದೆ ಬರುವ ಸಾಲು ಅದು. ಆ ಐದೂ ಜಾಗಗಳು ಅವಳಲ್ಲಿ ಹಾಗೆಯೇ ಇದ್ದವು.

ಓದಿದ ಹೆಂಗಸರಿಗೆ ಅನ್ನುವಂತೆ ನನಗೂ 'ಬಾಯಾರ' ಎನ್ನುತ್ತಿದ್ದ ಇಂದ್ರವ್ವ ನನ್ನನ್ನು ನಡುವೆ ತಡೆದಳು. "ಅಂದ್ರ ಒಳಗಿನ ಅಕ್ಷರ, ಹೊರಗಿನ ಅಕ್ಷರ ಅನ್ರಿ."

"ಹಾಗೆಂದರೆ?"

"ಪ ಅಂದ್ರ ಹೊರಗಿಂದು, ಕಾಣಸ್ತೈತಿ. ಕ ಅಂದ್ರ ಒಳಗಿಂದು, ಕಾಣಸಂಗಿಲ್ಲ. ಅದಕ್ಕ ದವಡಿ ಜಾಸ್ತಿ ತಗೀತೀವಿ. ಪ, ಬ, ಮ ಮೂರೂ ಒಂದ ನಮೂನಿ ಕಾಣಸ್ತಾವು. ಮ ಇದ್ರ ಹುಬ್ಬ ಏರಸ್ತೀವಿ. ಬ ಇದ್ರ ಗಲ್ಲಾ ಉಬ್ಬಸ್ತೀವಿ. ಇಷ್ಟೂ ತಿಳೀದಿದ್ರ ಶೆಡ್ಡಿನಾಗ ಮಾತಾಡೂದು ಹೆಂಗ್ರಿ ಬಾಯಾರ?"

ಯಾರೂ ಕಲಿಸದೆ, ಯಾವ ಪುಸ್ತಕವೂ ಇಲ್ಲದೆ, ಯಾವ ಸದ್ದು ಕಣ್ಣಿಗೆ ಕಾಣುತ್ತದೆ, ಯಾವುದು ಕಾಣುವುದಿಲ್ಲ ಎಂದು ಆ ಶೆಡ್ಡಿನವರು ವಿಂಗಡಿಸಿಕೊಂಡಿದ್ದರು. ನಾನು ಮೂರು ಸೆಮಿಸ್ಟರಿನಲ್ಲಿ ಕಲಿತದ್ದು ಅದು. ಇಂಥ ಮಾತಿನ ಜಾಣ್ಮೆ ಇದ್ದ ಹೆಂಗಸಿಗೆ "ಮಾತು ಬಾರದು" ಎಂಬ ಮುದ್ರೆ!

ಶೇವಂತಿಗೆ ನಾನು ಕಲಿಸಿದ್ದು ಅನ್ನನಾಳದಿಂದ ದನಿ ತೆಗೆಯುವ ಕ್ರಮ. ಬಾಯಿಯ ಗಾಳಿಯನ್ನು ನಾಲಿಗೆಯಿಂದ ಒತ್ತಿ ಅನ್ನನಾಳದ ಮೇಲ್ಭಾಗಕ್ಕೆ ಇಳಿಸಬೇಕು. ಅದು ತೇಗಿನಂತೆ ಮರಳಿ ಬರುವಾಗ ಅಲ್ಲಿನ ಗೋಡೆ ಅದುರುತ್ತದೆ. ಆ ಅದುರುವಿಕೆಗೆ ಬಾಯಿ ಆಕಾರ ಕೊಟ್ಟರೆ ಮಾತು. ಕ, ತ, ಪ ಹೇಳುವಾಗ ಬಾಯಿಯೊಳಗೆ ಒತ್ತಡ ಏಳುವುದರಿಂದ ಗಾಳಿ ತಾನಾಗಿ ಒಳಗಿಳಿಯುತ್ತದೆ. ಹಾಗಾಗಿ ಆ ಸದ್ದುಗಳಿಂದ ಶುರುವಾಗುವ ಪದಗಳು ಮೊದಲು ಬರುತ್ತವೆ. ಮೊದಲ ತಿಂಗಳು ಬರೀ ತೇಗು. "ಜ್ವಾಳದ ರೊಟ್ಟಿ ಉಂಡ ಎಮ್ಮಿ ಆಗೀನಿ," ಎಂದು ತುಟಿಯಲ್ಲಿ ಹೇಳಿ ತಾನೇ ನಗುತ್ತಿದ್ದಳು. ಎರಡನೆಯ ತಿಂಗಳು "ಕಪ್ಪ", "ತಟ್ಟಿ", "ಕಟಗಿ" ಬಂದವು. ಒಂದು ಸಲ ಇಳಿಸಿದ ಗಾಳಿಗೆ ನಾಲ್ಕೈದು ಅಕ್ಷರ. ದನಿ ಗಂಡಸರಿಗಿಂತ ಕೆಳಗೆ, ಒರಟು, ಸಣ್ಣದು. ಕೋಣೆಯಲ್ಲಿ ಫ್ಯಾನು ತಿರುಗುತ್ತಿದ್ದರೆ ಕೇಳುವುದು ಕಷ್ಟ.

ಅದನ್ನು ನಾನು ಅವಳಿಗೆ ಮುಚ್ಚಿಡಲಿಲ್ಲ. "ಈ ದನಿ ಮಗ್ಗದ ಸದ್ದಿನಲ್ಲಿ ಯಾರಿಗೂ ಕೇಳಿಸುವುದಿಲ್ಲ, ಶೇವಂತಕ್ಕ."

ಅವಳ ಮುಖ ಕೆಂಪಾಯಿತು. "ಅಲ್ಲಿ ಯಾರ ದನಿ ಕೇಳಸ್ತೈತ್ರಿ?"

ಅವಳು ಸಿಟ್ಟಿನಲ್ಲಿ ಕೇಳಿದ ಪ್ರಶ್ನೆಗೆ ಅಳತೆಯಿಂದ ಉತ್ತರ ಕೊಡಬಹುದು ಎಂದು ನನಗೆ ಹೊಳೆದದ್ದು ಆಗಲೇ. ಶೆಡ್ಡಿನವರಿಗೆ ಉಚಿತ ಕಿವಿ ತಪಾಸಣೆ ಮಾಡುತ್ತೇನೆ ಎಂದು ಗಿರಿಮಲ್ಲಪ್ಪನವರನ್ನು ಕೇಳಿದೆ. ಉಚಿತ ಎಂದೊಡನೆ ಒಪ್ಪಿದರು. ಬ್ಯಾನರ್ ಕಟ್ಟಿಸಿ, ನನ್ನ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡರು. ವಾರದ ರಜೆಯ ದಿನ, ಮಗ್ಗ ನಿಂತಾಗ, ಅವರದೇ ಕೋಣೆಯಲ್ಲಿ ಎಂಟೂ ಜನರ ಕಿವಿ ಪರೀಕ್ಷಿಸಿದೆ. ಆರು ಜನರಿಗೆ ಶ್ರವಣ ದೋಷವಿತ್ತು. ಇಂದ್ರವ್ವನಿಗೆ ಎಲ್ಲರಿಗಿಂತ ಹೆಚ್ಚು. ಉಳಿದಿಬ್ಬರು ಕೆಲಸಕ್ಕೆ ಸೇರಿ ಎರಡು ವರ್ಷವೂ ಆಗಿರಲಿಲ್ಲ. ಆಮೇಲೆ ಖಾಲಿ ಅಂಗಳದಲ್ಲಿ ಲಗಮಪ್ಪನಿಗೆ ಎದೆತುಂಬ ಕೂಗಲು ಹೇಳಿ ಅಳೆದೆ. ಒಂದು ಮೀಟರಿಗೆ ತೊಂಬತ್ತು ಡೆಸಿಬಲ್. ದೂರ ಇಮ್ಮಡಿಯಾದಾಗಲೆಲ್ಲ ಸದ್ದು ಆರು ಡೆಸಿಬಲ್ ಇಳಿಯುತ್ತದೆ. ನಾಲ್ಕು ಮೀಟರಿಗೆ ಎಪ್ಪತ್ತೆಂಟು. ಮಗ್ಗದ ಸದ್ದು ತೊಂಬತ್ತೆಂಟು. ಅಂದರೆ ಆ ಶೆಡ್ಡಿನಲ್ಲಿ ಆರೋಗ್ಯವಂತ ಗಂಡಸು ಕೂಗಿದರೂ ಎರಡನೆಯ ಮಗ್ಗದಾಚೆ ಅದು ಇಲ್ಲ.

ಇನ್ನೂ ಒಂದು ದಿನ, ಮಗ್ಗ ಓಡುವಾಗ, ಗಡಿಯಾರ ಹಿಡಿದು ಅರ್ಧ ಗಂಟೆ ನಿಂತೆ. ನಾಲ್ಕು ಮಗ್ಗ ನೋಡುವ ನೇಕಾರರು ಸರಾಸರಿ ಎಪ್ಪತ್ತು ಸೆಕೆಂಡಿಗೊಮ್ಮೆ ತಲೆ ಎತ್ತುತ್ತಿದ್ದರು. ಒಂಬತ್ತು ಜನ ಇದ್ದರೆ ಸುಮಾರು ಎಂಟು ಸೆಕೆಂಡಿಗೆ ಒಬ್ಬರಾದರೂ ಇಡೀ ಶೆಡ್ಡನ್ನು ನೋಡುತ್ತಿರುತ್ತಾರೆ. ಅಲ್ಲಿಯ ಸುರಕ್ಷತೆ ಅದು. ಒಬ್ಬರನ್ನು ತೆಗೆದರೆ ಒಂದು ಜೊತೆ ಕಣ್ಣು ಕಡಿಮೆ. ಎಂಟು ಮಗ್ಗ ಹೊತ್ತ ಲಗಮಪ್ಪ ಆ ಅರ್ಧ ಗಂಟೆಯಲ್ಲಿ ಎರಡೇ ಸಲ ತಲೆ ಎತ್ತಿದ.

ನ್ಯಾಯವಾಗಿ ಕೇಳಬೇಕಾದ ಪ್ರಶ್ನೆ ಒಂದಿತ್ತು: ಕುತ್ತಿಗೆಯ ರಂಧ್ರದಿಂದ ಉಸಿರಾಡುವವಳಿಗೆ ಹತ್ತಿಯ ಧೂಳು ಆಗುತ್ತದೆಯೇ? ಸಾವುಕಾರರು ಅದನ್ನು ಕೇಳಲೇ ಇಲ್ಲ. ನಾನು ಅವಳ ಸರ್ಜನ್ನರನ್ನು ಕೇಳಿದೆ. ಒದ್ದೆ ಬಟ್ಟೆಯ ಹೊದಿಕೆ ಕಟ್ಟಿ, ಪಾಳಿಗೆ ಎರಡು ಸಲ ಬದಲಿಸಿ, ತಿಂಗಳಿಗೊಮ್ಮೆ ತೋರಿಸಿದರೆ ಕೆಲಸ ಮಾಡಬಹುದು ಎಂದು ಅವರು ಬರೆದುಕೊಟ್ಟರು.

ಇದನ್ನೆಲ್ಲ ತೆಗೆದುಕೊಂಡು ಒಂದು ಸೋಮವಾರ ಹನ್ನೊಂದು ಗಂಟೆಗೆ ನಾನು ಮತ್ತು ಶೇವಂತಿ ಶೆಡ್ಡಿಗೆ ಹೋದೆವು. ಸಾವುಕಾರರು ಅವಳಿಗೆ ಹೊರಗೇ ಇರು ಎಂದು ಸನ್ನೆ ಮಾಡಿದರು. ಅವಳು ಹೊರಗೆ ನಿಲ್ಲದೆ ನೇರ ಶೆಡ್ಡಿನೊಳಗೆ ಹೋಗಿ ಇಂದ್ರವ್ವನ ಮಗ್ಗದ ಪಕ್ಕ ನಿಂತಳು. ನಾನು ಕೋಣೆಯಲ್ಲಿ ಕೂತು ಕಾಗದಗಳನ್ನು ಒಂದೊಂದಾಗಿ ತೋರಿಸಿದೆ. ಅವರು ಪೂರ್ತಿ ಕೇಳಿದರು. ದಡ್ಡರಲ್ಲ ಅವರು, ಎಲ್ಲವೂ ಅರ್ಥವಾಯಿತು. ಅರ್ಥವಾದ ಮೇಲೆ ಬಾಗಿಲು ಮುಚ್ಚಿ, ದನಿ ತಗ್ಗಿಸಿದರು.

"ಬಾಯಾರ, ನಿಮ್ಮ ಮುಂದ ಖರೇ ಹೇಳ್ತೀನಿ. ಕೂಗೂದು ಗೀಗೂದು ಸುಳ್ಳ. ಸೀರಿ ಕೊಳ್ಳಾಕ ವ್ಯಾಪಾರಿಗಳು ಬರ್ತಾರ, ಶೆಡ್ಡು ನೋಡ್ತಾರ. ಆಕೀ ಕುತ್ತಿಗಿ ತೂತು ನೋಡಿದ್ರ ಹೇಸ್ತಾರ್ರಿ. ಆಕಿ ಕೈಯಾನ ಸೀರಿ ಯಾರು ಉಡ್ತಾರ?"

ನಾನು ಉತ್ತರ ಕೊಡುವ ಅಗತ್ಯ ಬೀಳಲಿಲ್ಲ. ಅವರು ಗಾಜಿನ ಕಿಟಕಿಗೆ ಮುಖ ಮಾಡಿ ಕೂತಿದ್ದರು. ಇಷ್ಟು ವರ್ಷ ಆ ಗಾಜಿನಿಂದ ಒಳಗೆ ನೋಡಿದ ಮನುಷ್ಯನಿಗೆ, ಒಳಗಿನವರೂ ಅದರಿಂದ ಹೊರಗೆ ನೋಡುತ್ತಾರೆ ಎಂಬುದು ಹೊಳೆದಿರಲಿಲ್ಲ. ಅವರು ದನಿ ತಗ್ಗಿಸಿದ್ದರು, ಬಾಯಿಯನ್ನಲ್ಲ.

ಇಂದ್ರವ್ವ ತನ್ನ ಮೊದಲ ಮಗ್ಗದ ಹಿಡಿಕೆ ಎಳೆದು ನಿಲ್ಲಿಸಿದಳು. ಎರಡನೆಯದು, ಮೂರನೆಯದು, ನಾಲ್ಕನೆಯದು. ಪಕ್ಕದವಳು ಅವಳ ಬಾಯಿ ನೋಡಿ ತನ್ನವನ್ನು ನಿಲ್ಲಿಸಿದಳು. ಸುದ್ದಿ ಸಾಲಿನಿಂದ ಸಾಲಿಗೆ ತುಟಿಯಿಂದ ತುಟಿಗೆ ಹೋಯಿತು. ಲಗಮಪ್ಪ ಎಂಟೂ ಮಗ್ಗ ನಿಲ್ಲಿಸುವ ಹೊತ್ತಿಗೆ ಶೆಡ್ಡು ಎಷ್ಟು ಶಾಂತವಾಯಿತೆಂದರೆ, ಬೀದಿಯಲ್ಲಿ ಹೋಗುವ ಸೈಕಲ್ಲಿನ ಸರಪಳಿ ಕೇಳಿಸಿತು.

ಸಾವುಕಾರರು ಗಾಬರಿಯಿಂದ ಹೊರಗೆ ಬಂದರು. "ಯಾಕ, ಕರೆಂಟ್ ಹೋತೇನ?"

"ಇಲ್ರಿ," ಎಂದಳು ಇಂದ್ರವ್ವ. ಕಿವಿ ಮಂದವಾದವಳ ದನಿ ಅವಳಿಗೇ ತಿಳಿಯದಷ್ಟು ಜೋರು. "ಕೂಗಾಕ ಬರದಕಿನ್ನ ತಗದ್ರಿ. ಕೂಗಿದ್ದು ಕೇಳದ ನಮ್ಮನ್ನ ಯಾಕ ಇಟ್ಕೊಂಡೀರಿ? ಬಾಯಾರ ಬರಕೊಟ್ಟಾರಲ್ರಿ, ಆರು ಮಂದಿ ಕಿವಿ ಹೋಗ್ಯಾವಂತ. ನಿಮ್ಮ ಮಗ್ಗಾನ ತಿಂದಾವು. ನಮ್ಮ ಕಿವಿಗೆ ಹೇಸಂಗಿಲ್ಲೇನ್ರಿ ವ್ಯಾಪಾರಿಗಳು? ಅವು ಕಾಣಸಂಗಿಲ್ಲ, ಅದಕ್ಕ?"

ಸಾವುಕಾರರು ನನ್ನ ಕಡೆ ತಿರುಗಿದರು, ನಾನೇ ಹೇಳಿಕೊಟ್ಟೆನೋ ಎಂಬಂತೆ.

"ಬಾಯಾರ ಏನೂ ಹೇಳಿಲ್ರಿ. ನೀವ ಹೇಳಿದ್ರಿ, ನಾವು ನೋಡಿದ್ವಿ," ಎಂದ ಲಗಮಪ್ಪ. "ನನ್ನ ಕೈಲೆ ಎಂಟು ಆಗಂಗಿಲ್ಲ. ನಾಲ್ಕು ನನ್ನವು. ನಾಲ್ಕು ಆಕೀವು."

"ಅಲ್ಲೋ, ನಾನೇನು ಆಕೀ ವೈರಿ ಏನು? ಕಂಡಿಕೆ ಕೋಣ್ಯಾಗ ಬಾ ಅಂದಿದ್ನಿಲ್ಲೋ?"

ಆಗ ಶೇವಂತಿ ಮುಂದೆ ಬಂದಳು. ಕುತ್ತಿಗೆಯ ಬಟ್ಟೆಯನ್ನು ಸರಿಸಿಯೇ ಬಂದಳು, ಅವರು ನೋಡಲಿ ಎಂದು. ಬಾಯಿ ಮುಚ್ಚಿದಳು, ಗಾಳಿ ಒತ್ತಿದಳು. ಒಳಗಿನಿಂದ ಒರಟಾದ, ಸಣ್ಣ ದನಿ ಬಂತು.

"ಕೊಡ್ರಿ." ಮತ್ತೆ ಗಾಳಿ ತುಂಬಿಕೊಂಡಳು. "ನಾಕು. ಮಗ್ಗಾ."

ಇಂದ್ರವ್ವನ ಹೊರತು, ಅವಳ ಜೊತೆ ದುಡಿದವರು ಆ ಹೊಸ ದನಿಯನ್ನು ಮೊದಲ ಸಲ ಕೇಳಿದ್ದು ಅಂದು. ಯಾರೂ ನಗಲಿಲ್ಲ, ಅಳಲೂ ಇಲ್ಲ. ಸಾವುಕಾರರು ಒಂದು ಹೆಜ್ಜೆ ಹಿಂದೆ ಸರಿದರು. ಮೂವತ್ತಾರು ಮಗ್ಗಗಳನ್ನು ಒಮ್ಮೆ ನೋಡಿದರು. ಒಂದೂ ಓಡುತ್ತಿರಲಿಲ್ಲ.

"ಆತು, ಆತು. ನಾಳಿಯಿಂದ ಬಾ. ಪಾಪ, ಹೆಣ್ಣಮಗಳು ಅಂತ..."

"ಪಾಪ ಬ್ಯಾಡ," ಎಂದಳು ಶೇವಂತಿ. "ಕೂಲಿ?"

"ಮೊದಲಿನಷ್ಟ ಕೊಡ್ತೀನವ್ವಾ."

"ನಾಳಿ ಅಲ್ಲ. ಇವತ್ತ."

ಅವಳು ಉತ್ತರಕ್ಕೆ ನಿಲ್ಲಲಿಲ್ಲ. ತಾನು ತಂದಿದ್ದ ಬಟ್ಟೆಯನ್ನು ನಲ್ಲಿಯಲ್ಲಿ ಒದ್ದೆ ಮಾಡಿ, ಹಿಂಡಿ, ಕುತ್ತಿಗೆಗೆ ಕಟ್ಟಿಕೊಂಡಳು. ಲಗಮಪ್ಪ ಅವಳ ನಾಲ್ಕು ಮಗ್ಗಗಳಿಂದ ಈಚೆ ಸರಿದ. ಅವಳು ಮೊದಲನೆಯ ಮಗ್ಗದ ಹಾಸಿನ ಎಳೆಗಳ ಮೇಲೆ ಅಂಗೈ ಆಡಿಸಿ, ಹರಿದಿದ್ದ ಎರಡು ಎಳೆ ಕಟ್ಟಿ, ಹಿಡಿಕೆ ಎಳೆದಳು. ಆಮೇಲೆ ಇಂದ್ರವ್ವ. ಆಮೇಲೆ ಉಳಿದವರು. ಸದ್ದು ಮೊದಲಿನ ತೊಂಬತ್ತೆಂಟಕ್ಕೆ ಏರಿತು.

ಗಿರಿಮಲ್ಲಪ್ಪ ಸಾವುಕಾರರು ಬಾಗಿಲಲ್ಲೇ ನಿಂತು ಇನ್ನೂ ಏನೋ ಹೇಳುತ್ತಿದ್ದರು. ಕೈ ಎತ್ತಿ ಎತ್ತಿ ಹೇಳುತ್ತಿದ್ದರು. ಪಕ್ಕದಲ್ಲಿದ್ದ ನನಗೂ ಕೇಳಲಿಲ್ಲ. ಒಳಗಿನ ಒಂಬತ್ತು ಜನರಲ್ಲಿ ಯಾರೂ ಅವರ ಬಾಯಿ ನೋಡಲಿಲ್ಲ.